ಏಳನೇ ತಿರುವಿನ ಗೋಡೆ

ಮೊನ್ನೆ ಟ್ರಂಕಿನ ತಳದಲ್ಲಿ ನಕ್ಷೆ ಬರೆಯುವ ಟ್ರೇಸಿಂಗ್ ಬಟ್ಟೆಯ ಸುರುಳಿಯೊಂದು ಸಿಕ್ಕಿತು. ಬಿಚ್ಚಿದೊಡನೆ ಹಳೇ ಗಂಜಿಯ ವಾಸನೆ... ಅದರ ಹಿಂದೆಯೇ ಚಾಮರಾಜಪುರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಓವರ್ಸಿಯರು ಬಂದು ನಿಂತರು.

ಐವತ್ತರ ದಶಕ. ರಸ್ತೆ ಇಲಾಖೆಯ ಒಂದೇ ಕಚೇರಿಯಲ್ಲಿ ನಾನು ನಕ್ಷೆಯಲ್ಲಿ ರಸ್ತೆಗಳನ್ನು ಬರೆಯುತ್ತಿದ್ದೆ, ಅವರು ಅವುಗಳನ್ನು ಕಾಯುತ್ತಿದ್ದರು. ದೂರದ ಬೆಟ್ಟಗಳ ನಡುವೆ, ವಾರಕ್ಕೊಂದು ಲಾರಿ ಹೋದರೆ ಹೆಚ್ಚೆನ್ನುವಂಥ ಕಣಿವೆ ರಸ್ತೆಯೊಂದು ಅವರ ಪಾಲಿಗಿತ್ತು. ಅದರ ಅಂಚಿಗೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಹಳೇ ತಡೆಗೋಡೆಗಳು. ಯಾವುದನ್ನು ಯಾವ ಊರಿನವರು ಕಟ್ಟಿದರು, ಮಳೆಗಾಲದಲ್ಲಿ ಒರತೆ ಎಲ್ಲೇಳುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ನಾನು ಆ ರಸ್ತೆಯನ್ನು ಆರು ಸಲ ಬರೆದಿದ್ದೆ, ಒಮ್ಮೆಯೂ ನೋಡಿರಲಿಲ್ಲ.

ನಮ್ಮ ಕಚೇರಿಯ ಸಾಹೇಬರು ಅವರನ್ನು ಕೂರಿಸಿ ಕಾಫಿ ತರಿಸುತ್ತಿದ್ದರು. ನನ್ನನ್ನು ಕರೆಸುತ್ತಿದ್ದುದು ಬರೆದದ್ದನ್ನು ಅಳಿಸಲಿಕ್ಕೆ. ಮನೆಯಲ್ಲೂ ಅಷ್ಟೆ: ಕಾಂಪೌಂಡಿನಾಚೆಯಿಂದ ಬರುವ ಕಣಿವೆಯ ಕಥೆ ಕೇಳುತ್ತ ನನ್ನ ಹೆಂಡತಿ ಸಾರಿಗೆ ಉಪ್ಪು ಮರೆಯುತ್ತಿದ್ದಳು. ಸಪ್ಪೆ ಸಾರುಂಡವನಿಗೆ ಚರಿತ್ರೆಯಲ್ಲಿ ಭಕ್ತಿ ಹುಟ್ಟುವುದು ಕಷ್ಟ.

ಗೋಡೆಗಳನ್ನು ಕೆಡವಿ ಕಾಂಕ್ರೀಟ್ ಹಾಕುವ ಮಾತೆದ್ದಿತು. ಕಲ್ಲಿನ ಸಂದಿಯಲ್ಲಿ ನೀರಿಳಿಯುವುದರಿಂದಲೇ ಅವು ನಿಂತಿವೆ ಎಂದು ಓವರ್ಸಿಯರು ಹಟ ಹಿಡಿದರು. ಒಂದೊಂದು ಗೋಡೆಗೂ ಕಾರಣ ಬರೆದುಕೊಡಿ, ಕಾರಣವಿದ್ದದ್ದು ಉಳಿಯಲಿ ಎಂದರು ಸಾಹೇಬರು. ಓವರ್ಸಿಯರ ಅಕ್ಷರ ಕೋಳಿ ಕೆದರಿದಂತೆ. ಬರೆಯುವ ಪುಣ್ಯಕಾರ್ಯ ನನಗೆ ಬಿತ್ತು. ಏಳನೇ ತಿರುವಿನ ಗೋಡೆಯ ಹಿಂದೆ ತಾವೇ ಕಂಡ ಒರತೆಯಿದೆ, ಅದನ್ನು ಮುಟ್ಟಲೇಬಾರದು ಎಂದು ಮೂರು ಸಲ ಹೇಳಿದರು. ಇಷ್ಟೆಲ್ಲ ಇವರೊಬ್ಬರಿಗೇ ಯಾಕೆ ಗೊತ್ತಿರಬೇಕು ಎನಿಸಿತು. ಆ ಒಂದು ಸಾಲನ್ನು ನಾನು ಬರೆಯಲಿಲ್ಲ. ಅವರು ಓದದೆಯೇ ಸಹಿ ಹಾಕಿದರು.

ಏಳನೆಯದೊಂದನ್ನು ಬಿಟ್ಟು ಎಲ್ಲ ಗೋಡೆಗಳೂ ಉಳಿದವು. ಅಲ್ಲಿ ಹಾಕಿದ ಕಾಂಕ್ರೀಟು ಎರಡನೇ ಮಳೆಗೆ, ರಸ್ತೆಯ ಅರ್ಧವನ್ನೂ ಕರೆದುಕೊಂಡು ಕಣಿವೆಗಿಳಿಯಿತು. ಸಾಹೇಬರು ಇಬ್ಬರನ್ನೂ ಕರೆಸಿ, ಒರತೆಯ ವಿಷಯ ವರದಿಯಲ್ಲೇಕಿಲ್ಲ ಎಂದು ಕೇಳಿದರು. ಓವರ್ಸಿಯರು ನನ್ನನ್ನೊಮ್ಮೆ ನೋಡಿದರು.

"ಹೇಳೋದ್ ಮರ್ತುಬುಟ್ಟೆ, ಸ್ವಾಮಿ."

ಹೊರಗೆ ಬಂದ ಮೇಲೆ ನನಗೆ ಹೇಳಿದ್ದೂ ಅಷ್ಟೇ: "ನಿಮ್ಗೆ ಸರ್ವೀಸ್ ಇನ್ನೂ ಇದೆ ಕಣ್ರೀ."

ಅಂದಿನಿಂದ ಸಾಹೇಬರು ಕಾಫಿ ತರಿಸಿದ್ದು ನನಗೆ. ಕುಡಿದೆ. ಓವರ್ಸಿಯರ ಆ ದೊಡ್ಡತನದ ಮೇಲೂ ಹೊಟ್ಟೆ ಉರಿಯಿತು...

ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ತಪ್ಪಾಯಿತು ಎನ್ನಲು ಇಬ್ಬರ ನಡುವೆ ಅಡ್ಡವಿದ್ದದ್ದು ಒಂದು ಕಾಂಪೌಂಡು, ಅಷ್ಟೆ. ಆದರೂ ಅನ್ನಲಿಲ್ಲ. ಈಗ ಆ ರಸ್ತೆಯಲ್ಲಿ ಜನ ಕಾರು ನಿಲ್ಲಿಸಿ, ಪಾಚಿ ಹಿಡಿದ ಕಲ್ಲುಗೋಡೆಗಳ ಫೋಟೋ ತೆಗೆಯುತ್ತಾರಂತೆ. ಏಳನೇ ತಿರುವಿನಲ್ಲಿ ಯಾರೂ ನಿಲ್ಲುವುದಿಲ್ಲವಂತೆ. ಅದೊಂದು ನನ್ನದು.