ರತ್ನಮ್ಮ ಮಿಸ್ಸಿನ ತೆಂಗಿನ ಕಂಬ

ರತ್ನಮ್ಮ ಮಿಸ್ಸು ಸೀಟಿ ಊದಿದರೆ ನಮ್ಮ ಮನೆಯಲ್ಲಿ ಹಾಲು ಉಕ್ಕುತ್ತಿತ್ತು. ಸುಳ್ಳಲ್ಲ. ತಿಪಟೂರಿನ ಅಂಚಿನಲ್ಲಿರುವ ಸರ್ಕಾರಿ ಪ್ರೌಢಶಾಲೆಗೂ ನಮ್ಮ ಅಡುಗೆಮನೆ ಕಿಟಕಿಗೂ ನಡುವೆ ಇರುವುದು ಒಂದು ಮೋಟುಗೋಡೆ. ಬೆಳಿಗ್ಗೆ ಹಾಲಿಟ್ಟು ನಿಂತಿರುವಾಗ ಆ ಕಡೆಯಿಂದ ಸೀಟಿ ಕೇಳಿದರೆ ನನ್ನ ಕತ್ತು ತಾನಾಗಿಯೇ ಕಿಟಕಿಯತ್ತ ತಿರುಗುತ್ತಿತ್ತು. ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿ, ಐವತ್ತು ದಾಟಿದ ಹೆಂಗಸು ಹುಡುಗಿಯರ ಮುಂದೆ ಓಡುತ್ತಿದ್ದರು. ಅದನ್ನು ನೋಡುತ್ತಾ ನಿಂತವಳಿಗೆ ಸೊರ್ ಎಂದು ಸದ್ದಾದಾಗಲೇ ಒಲೆಯ ನೆನಪು.

“ನಿಮ್ಮಿಂದ ಇವತ್ತೂ ಅರ್ಧ ಲೋಟ ಹಾಲು ಹೋಯ್ತು ಕಣ್ರೀ,” ಎಂದು ಕಿಟಕಿಯಿಂದಲೇ ಕೂಗುತ್ತಿದ್ದೆ.

“ನನ್ ಲೆಕ್ಕಕ್ಕೆ ಬರ್ಕೊಳಮ್ಮ, ಮಜ್ಜಿಗೆ ಕುಡಿದು ತೀರಿಸ್ತೀನಿ!” ಅನ್ನುವರು ಓಡುತ್ತಲೇ.

ಈ ಶಾಲೆ ಹುಟ್ಟಿದ್ದು ನಮ್ಮ ಮನೆಯ ಕೊಬ್ಬರಿ ಅಟ್ಟದ ಕೆಳಗೆ. ನಮ್ಮ ಮಾವನವರ ತಂದೆಯ ಕಾಲದಲ್ಲಿ ಹೈಸ್ಕೂಲು ಮಂಜೂರಾಯಿತು, ಕಟ್ಟಡ ಆಗಲಿಲ್ಲ. ಮೇಲೆ ಅಟ್ಟದಲ್ಲಿ ಕಾಯಿ ಒಣಗುತ್ತಿದ್ದವು, ಕೆಳಗೆ ಮಕ್ಕಳು ಬೀಜಗಣಿತ ಕಲಿಯುತ್ತಿದ್ದರು. ಇಲಿ ಓಡಿದರೆ ಸಾಕು, ಅಟ್ಟದ ಮೇಲೆ ಕಾಯಿ ಗಡಗಡ ಉರುಳಿ ಮೇಷ್ಟ್ರ ಮಾತೇ ಕೇಳಿಸುತ್ತಿರಲಿಲ್ಲವಂತೆ. ಆಮೇಲೆ ಅವರೇ ಪಕ್ಕದ ತೋಟದ ಜಾಗ ಬಿಟ್ಟುಕೊಟ್ಟರು. ಒಂದೇ ಷರತ್ತು: ಮೂಲೆಯಲ್ಲಿ ತಾವು ಕೈಯಾರೆ ನೆಟ್ಟ ತೆಂಗಿನ ಮರ, ತಾನಾಗಿಯೇ ಒಣಗುವವರೆಗೆ ಕಡಿಯಕೂಡದು. ಮುಂದೆ ಕೊಠಡಿ, ಅಡುಗೆಕೋಣೆ, ಸೈಕಲ್ ಸ್ಟ್ಯಾಂಡು ಎಂದು ಒಂದೊಂದೇ ಏಳುತ್ತಾ ಬಂದು, ಮೂಲೆಯಲ್ಲಿದ್ದ ಮರ ಉಳಿದ ಪುಟ್ಟ ಮೈದಾನಕ್ಕೆ ಸರಿಯಾಗಿ ನಡುವೆ ಬಂತು.

ರತ್ನಮ್ಮ ಮಿಸ್ಸು ಚಿಕ್ಕನಾಯಕನಹಳ್ಳಿ ಕಡೆಯವರು. ಆಟ ಕಲಿಸಲು ವರ್ಗವಾಗಿ ಬಂದ ಮೊದಲ ವಾರವೇ ಮರ ತೆಗೆಸಿಕೊಡಿ ಎಂದು ಕೇಳಲು ನಮ್ಮ ಮನೆಗೆ ಬಂದರು. ನಮ್ಮತ್ತೆ ಜಗುಲಿಯಲ್ಲಿ ಗರಿ ಸೀಳಿ ಕಡ್ಡಿ ತೆಗೆಯುತ್ತಾ ಕೂತಿದ್ದರು.

“ಅಜ್ಜಿ, ಮಕ್ಕಳು ಖೋಖೋ ಆಡಕ್ಕೆ ಆ ಮರ ಅಡ್ಡ ಬರ್ತೈತೆ.”

“ಮರ ನಿಮ್ಮಾಟಕ್ಕೆ ಅಡ್ಡ ಬಂತೋ, ನಿಮ್ಮಾಟ ಮರಕ್ಕೆ ಅಡ್ಡ ಬಂತೋ? ಅದು ನಿಮಗಿಂತ ಮುಂಚಿನ್ದು ಕಣಮ್ಮ.”

“ಖೋಖೋಗೆ ಎರಡು ತುದಿಗೆ ಎರಡು ಕಂಬ ಬೇಕು, ಅಜ್ಜಿ. ಜಾಗನೇ ಇಲ್ಲ.”

“ಎರಡು ಬೇಕಾ? ಒಂದು ನಿಂತೈತಲ್ಲ. ಇನ್ನೊಂದು ನೀವ್ ನೆಟ್ಕಳಿ.”

ನಾನು ಒಳಗೆ ಕಾಫಿ ಸೋಸುತ್ತಿದ್ದವಳು ಈಗ ಜಗಳ ಆಗುತ್ತದೆ ಎಂದುಕೊಂಡೆ. ಮಿಸ್ಸು ಮಾತ್ರ ಎದ್ದು ಗೋಡೆಯ ಹತ್ತಿರ ಹೋಗಿ, ಸೊಂಟದ ಮೇಲೆ ಕೈಯಿಟ್ಟು ಮರವನ್ನೇ ನೋಡುತ್ತಾ ನಿಂತರು. ಆಮೇಲೆ ಜೋರಾಗಿ ನಕ್ಕರು. “ಆಯ್ತು ಬುಡಜ್ಜಿ. ಇದೇ ಕಂಬ!”

ಹಾಗೆ ನಮ್ಮ ಶಾಲೆಯ ಖೋಖೋ ಅಂಕಣಕ್ಕೆ ಒಂದು ತುದಿಯಲ್ಲಿ ನೆಟ್ಟ ಅಷ್ಟೇ ದಪ್ಪದ ತೆಂಗಿನ ದಿಮ್ಮಿ, ಇನ್ನೊಂದು ತುದಿಯಲ್ಲಿ ಜೀವಂತ ತೆಂಗಿನ ಮರ. ಮಿಸ್ಸು ಹುಡುಗಿಯರಿಗೆ ಮೊದಲು ಕಲಿಸಿದ್ದು ಓಟವನ್ನಲ್ಲ, “ಮರ ಬಂತು, ಮೇಲೆ ನೋಡು, ಮೇಲೆ ನೋಡಿ, ಮುಂದೆ ಓಡು” ಎಂಬ ಪಾಠವನ್ನು. ಅತ್ತೆ ಕಾಯಿ ಬಲಿಯುವ ಮೊದಲೇ ಕೀಳಿಸುತ್ತಿದ್ದರು ನಿಜ, ಆದರೆ ಒಣಗಿದ ಗರಿ ಯಾರನ್ನು ಕೇಳಿ ಬೀಳುತ್ತದೆ? ಒಂದು ಶನಿವಾರ ನನ್ನ ಮಗಳು ಚೈತ್ರ ಮೇಲೆ ನೋಡಿ ಗಕ್ಕನೆ ನಿಂತಳು. ಅವಳ ಮುಂದೆ ಒಂದೇ ಮಾರು ದೂರಕ್ಕೆ ಗರಿ ದೊಪ್ಪನೆ ಬಿತ್ತು. ಅಂದಿನಿಂದ ಮಕ್ಕಳಿಗೆ ಆ ಮಾತು ಬಾಯಿಪಾಠ. ಬಿಸಿಯೂಟದ ತಟ್ಟೆ ಹಿಡಿದು ಹೋಗುವಾಗಲೂ, ಸೈಕಲ್ ತಳ್ಳಿಕೊಂಡು ಹೋಗುವಾಗಲೂ ಮರ ಬಂದರೆ ಇಡೀ ಶಾಲೆ ಕತ್ತೆತ್ತುತ್ತಿತ್ತು. ಹೆಡ್ ಮೇಷ್ಟ್ರೂ ಎತ್ತುತ್ತಿದ್ದರು.

ಮಿಸ್ಸಿಗೆ ಒಂದೇ ಹುಚ್ಚು. “ನೋಡಮ್ಮ,” ಎನ್ನುತ್ತಿದ್ದರು ಗೋಡೆಯ ಮೇಲೆ ಮಜ್ಜಿಗೆ ಲೋಟ ಇಟ್ಟುಕೊಂಡು, “ಈ ಸ್ಕೂಲು ಹುಟ್ಟಿದಾಗಿಂದ ಒಂದು ಟೀಮೂ ತಾಲ್ಲೂಕು ದಾಟಿಲ್ಲ. ನಾನು ರಿಟೈರಾಗೋದ್ರೊಳಗೆ ದಾಟಿಸ್ಬೇಕು. ಆಮೇಲೆ ಬೇಕಾದ್ರೆ ಮಂಡಿ ಸವೆದೋಗ್ಲಿ.” ಪ್ರತಿ ವರ್ಷವೂ ಸೋತು ಬಂದು, “ಮುಂದಿನ್ ವರ್ಷ ಬುಡಿ,” ಅನ್ನುವರು. ಕೊನೆಗೊಮ್ಮೆ ಮುಂದಿನ ವರ್ಷವೇ ಇಲ್ಲದಂತಾಯಿತು. ಅದು ಅವರ ಸೇವೆಯ ಕಡೆಯ ವರ್ಷ. ಆ ವರ್ಷವೇ ಚೈತ್ರಳ ತಂಡ ತಾಲ್ಲೂಕು ಫೈನಲ್‌ಗೆ ಬಂತು!

ಆಟ ಅರಳಗುಪ್ಪೆ ದಾರಿಯ ಒಂದು ಶಾಲೆಯ ಮೈದಾನದಲ್ಲಿ. ಮಜ್ಜಿಗೆ ಬಿಂದಿಗೆಯ ಜೊತೆ ಲಗೇಜ್ ಆಟೋದಲ್ಲಿ ನಾನು ಹೊರಟರೆ, “ನನ್ ಮರದ್ ಮಾನ ನಾನೇ ನೋಡ್ಬೇಕು,” ಎಂದು ಅತ್ತೆಯೂ ಹತ್ತಿ ಕೂತರು. ಎದುರಾಳಿಗಳು ಪೇಟೆಯ ದೊಡ್ಡ ಶಾಲೆಯವರು. ಎಲ್ಲರ ಕಾಲಲ್ಲೂ ಒಂದೇ ಬಣ್ಣದ ಬೂಟು. ನಮ್ಮವರದು ಬರಿಗಾಲು.

ಮೊದಲ ಸರದಿಯಲ್ಲಿ ಅವರು ಅಟ್ಟಿ ಮುಗಿಸಿದರು, ಆಮೇಲೆ ನಮ್ಮವರು ಅಟ್ಟಬೇಕು. ಶುರುವಾದ ಕೂಡಲೇ ನನಗೆ ಏನೋ ಎಡವಟ್ಟು ಕಂಡಿತು. ಕಂಬ ತೆಳ್ಳಗಿತ್ತು, ನುಣ್ಣಗಿತ್ತು, ಮುಷ್ಟಿಗೆ ಸಿಗುವಂತಿತ್ತು. ನಮ್ಮ ಹುಡುಗಿಯರು ಅದರ ಸುತ್ತ ದಪ್ಪ ತೆಂಗಿನ ಮರ ಇದೆಯೇನೋ ಎಂಬಂತೆ ದೂರದಿಂದ ಬಳಸಿ ಹೋಗುತ್ತಿದ್ದರು. ಅದೂ ಸಾಲದೆ, ಕಂಬ ಬಂದಾಗಲೆಲ್ಲ ಕತ್ತೆತ್ತಿ ಖಾಲಿ ಆಕಾಶ ನೋಡುವರು! ಅಷ್ಟರಲ್ಲಿ ಎದುರಾಳಿ ಕೈಗೆ ಸಿಗದೆ ಜಾರಿ ಹೋಗುತ್ತಿದ್ದಳು. ಸುತ್ತ ನಿಂತ ಹುಡುಗರು, “ಲೇ, ಮಳೆ ಬತ್ತದೇನೋ ನೋಡ್ತಾವ್ರೆ ಕಣ್ಲಾ!” ಎಂದು ಕೇಕೆ ಹಾಕಿದರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ಮರ ಕಡಿಸ್ಬೇಕಾಗಿತ್ತಾ?” ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಅಂಥ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ವಿರಾಮದಲ್ಲಿ ನಾನು ಮಜ್ಜಿಗೆ ಹಂಚುತ್ತಿದ್ದೆ. ಮಿಸ್ಸಿನ ಮುಖ ಬಿಳಿಚಿಕೊಂಡಿತ್ತು. “ಕಂಬನ ಕೈಲಿ ಹಿಡ್ದು ತಿರುಗ್ರೇ. ಮೇಲೆ ನೋಡ್ಬೇಡ್ರೇ, ಇಲ್ಲೇನೂ ಬೀಳಲ್ಲ!”

ಚೈತ್ರ ಅಳುವ ಹಾಗಿದ್ದಳು. “ಹಿಡ್ದು ತಿರುಗ್ತೀವಿ ಮಿಸ್. ಆದ್ರೆ ಕತ್ತು ತಾನಾಗೇ ಎದ್ದೋಗ್ತದೆ. ನಾವೇನ್ ಮಾಡಣ?”

ಮಿಸ್ಸು ಬಾಯಿಗೆತ್ತಿದ ಲೋಟ ಕೆಳಗಿಳಿಸಿದರು. ನೋಡನೋಡುತ್ತಿದ್ದಂತೆ ಅವರ ಮುಖದಲ್ಲಿ ಆವತ್ತು ಗೋಡೆಯ ಹತ್ತಿರ ಕಂಡ ಅದೇ ನಗು ಮೂಡಿತು. “ಎತ್ತಿ ಹಂಗಾರೆ. ಒಬ್ಬೊಬ್ರೇ ಅಲ್ಲ, ಎಲ್ರೂ ಒಟ್ಟಿಗೇ ಎತ್ತಿ. ಆದ್ರೆ ಈಗ್ಲೇ ಬೇಡ. ಕಡೇ ಗಳಿಗೇಲಿ, ನಾನು ಸೆರಗು ಬಿಗಿದಾಗ.”

ಎರಡನೆಯ ಸರದಿಯಲ್ಲೂ ಅವರು ಅಟ್ಟಿದ ಮೇಲೆ ಅಟ್ಟಲು ಇಳಿದ ನಮ್ಮವರು ಕಂಬ ಹಿಡಿದು ಗಿರಕಿ ಹೊಡೆಯುವುದನ್ನು ಕಲಿತರು. ಅಂಕ ಒಂದೊಂದೇ ಏರಿ ಸಮವಾಯಿತು. ನನ್ನ ಕೈಯ ಸೌಟು ಬಿಂದಿಗೆಯಲ್ಲೇ ನಿಂತುಬಿಟ್ಟಿತ್ತು. ಇನ್ನು ಒಬ್ಬಳನ್ನು ಮುಟ್ಟಿದರೆ ಗೆಲುವು, ಆದರೆ ಆ ಹುಡುಗಿ ಮೀನಿನಂಥವಳು. ಚೈತ್ರ ಅವಳನ್ನು ಕಂಬದತ್ತ ಅಟ್ಟಿದಳು. ಕಂಬದ ಆಚೆ ಆ ಹುಡುಗಿ, ಇವಳು ಎತ್ತ ತಿರುಗುತ್ತಾಳೋ ಎಂದು ಇವಳ ಕಣ್ಣನ್ನೇ ನೋಡುತ್ತಾ ತುದಿಗಾಲಲ್ಲಿ ನಿಂತಿದ್ದಳು. ಮಿಸ್ಸು ಸೆರಗು ಬಿಗಿದರು.

ಚೈತ್ರಳೂ, ಸಾಲಿನಲ್ಲಿ ಕೂತಿದ್ದ ಅಷ್ಟೂ ಹುಡುಗಿಯರೂ ಒಟ್ಟಿಗೇ ಕತ್ತೆತ್ತಿ ಆಕಾಶ ನೋಡಿದರು. ಅತ್ತೆಯೂ ನೋಡಿದರು. ಅಂಪೈರೂ ನೋಡಿದರು. ಆ ಮೀನಿನಂಥ ಹುಡುಗಿಯೂ ರೆಪ್ಪೆ ಬಡಿಯುವಷ್ಟು ಹೊತ್ತು ಮೇಲೆ ನೋಡಿದಳು. ಅಷ್ಟು ಸಾಕಾಯಿತು. ಚೈತ್ರ ಕಂಬ ಹಿಡಿದು ಗರ್ರನೆ ತಿರುಗಿ ಅವಳ ಬೆನ್ನು ಮುಟ್ಟಿದಳು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಬಿಂದಿಗೆ ಉರುಳಿತು, ಮಜ್ಜಿಗೆ ನೆಲದ ಪಾಲಾಯಿತು. ರತ್ನಮ್ಮ ಮಿಸ್ಸು ನಮ್ಮತ್ತೆಯನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿಯೇಬಿಟ್ಟರು. “ಇಳ್ಸೇ ನನ್ನ, ಸೊಂಟ ಮುರ್ದೋಗ್ತದೆ!” ಎಂದು ಅತ್ತೆ ಕಿರುಚುತ್ತಾ ನಗುತ್ತಿದ್ದರು. ಜಿಲ್ಲಾ ಪಂದ್ಯಕ್ಕೆ ತುಮಕೂರಿಗೆ ಹೋಗಿ ಮೊದಲ ಆಟದಲ್ಲೇ ಸೋತೆವು. ಸೋತರೇನು, ತಾಲ್ಲೂಕು ದಾಟಿದ್ದೆವಲ್ಲ!

ಮಿಸ್ಸು ನಿವೃತ್ತರಾಗಿ ಊರಿಗೆ ಹೊರಟ ದಿನ ಅತ್ತೆ ಅದೇ ಮರದ ಕಾಯಿಂದ ಎಬ್ಬಿಸಿದ ಸಸಿ ಕಳಿಸಿದರು. ಚೀಲದಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನವರೆಗೆ ನಾನೇ ಹೋದೆ. ಚಿಕ್ಕನಾಯಕನಹಳ್ಳಿ ಬಸ್ಸು ಬಂತು. ಚೀಲದಿಂದ ಸಸಿ ತೆಗೆದು ಅವರ ಕೈಗಿಟ್ಟೆ. ಮಿಸ್ಸು ಒಂದು ಕೈಯಲ್ಲಿ ಸಸಿ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟವರು, ನಿಲ್ದಾಣದ ಕಬ್ಬಿಣದ ಕಂಬದ ಹತ್ತಿರ ಗಕ್ಕನೆ ನಿಂತು ಮೇಲೆ ನೋಡಿದರು. ನಾನೂ ನೋಡಿದೆ. ಮೇಲೆ ಬರೀ ತಗಡಿನ ಸೂರು.

ಬೆನ್ನ ಮೇಲೆ ಪಟ್ಟನೆ ಒಂದು ಏಟು ಬಿತ್ತು. “ಔಟ್ ಕಣಮ್ಮ!”

ನಾನು ತಿರುಗುವಷ್ಟರಲ್ಲಿ ಅವರು ಬಸ್ಸು ಹತ್ತಿಯಾಗಿತ್ತು. ಕಿಟಕಿಯಲ್ಲಿ ಸಸಿಯ ಎಳೆಗರಿ ಅಲ್ಲಾಡುತ್ತಿತ್ತು.