ಕಣ್ಣೀರ ಸುಳಿಯ ಹೋರಿ

ಬೈಲಹೊಂಗಲದ ಪೇಂಟರ್ ಬುರಾನಸಾಬನಿಗೆ ಅರವತ್ತೆಂಟು ವರ್ಷದ ಬಾಳಿನಲ್ಲಿ ನಿಜವಾದ ಅಂಜಿಕೆ ಬಂದದ್ದು ಎರಡೇ ಸಲ. ಒಂದು, ಟಾಕೀಸಿನ ಬ್ಯಾನರ್ ಬರೆಯುವಾಗ ಬಿದಿರ ಏಣಿ ಜಾರಿದ ದಿನ. ಇನ್ನೊಂದು, ತಾನೇ ಬರೆದ ಹೋರಿಯ ಮುಖವನ್ನು ಸರಿಯಾಗಿ ನೋಡಿದ ದಿನ. ಏಣಿಯ ಅಂಜಿಕೆ ನೆಲಕ್ಕೆ ಬಿದ್ದ ಕೂಡಲೇ ಮುಗಿಯಿತು. ಹೋರಿಯದು ಹಾಗೆ ಮುಗಿಯುವಂಥದ್ದಲ್ಲ.

ಆ ಹೋರಿಗೂ ಅವನಿಗೂ ಮೂವತ್ತು ವರ್ಷ ಮೀರಿದ ನಂಟು. ಊರ ಹೊರಗಿನ ಕಾಲೇಜಿನವರು ಕಬಡ್ಡಿ ತಂಡ ಕಟ್ಟಿದಾಗ ಎದೆಯ ಮೇಲೆ ಒಂದು ಗುರುತು ಬೇಕೆಂದರು. ಹುಲಿ ಬರಿ ಅಂದವರಿದ್ದರು, ಸಿಂಹ ಬರಿ ಅಂದವರಿದ್ದರು.

"ಹುಲಿ ಯಾರ ಕೊಟ್ಟಿಗ್ಯಾಗ ಐತ್ರಿ? ನಾ ಕಣ್ಣಲೆ ನೋಡಿದ್ದನ್ನ ಬರಿಯಾಂವ," ಎಂದು ಬುರಾನಸಾಬ ಸೈಕಲ್ ಹತ್ತಿ ಸಂಗೊಳ್ಳಿಗೆ ಹೋದ. ಅಲ್ಲಿ ಒಕ್ಕಲುತನದ ನಿಜಗುಣಪ್ಪನ ಬಿಳಿ ಹೋರಿಯ ಮುಂದೆ ಮೂರು ದಿನ ಕುಳಿತು, ಅವರ ಮನೆಯ ರೊಟ್ಟಿಯನ್ನೇ ತಿಂದು, ಅದರ ಮುಖವನ್ನು ಹಾಳೆಗೆ ಇಳಿಸಿಕೊಂಡು ಬಂದ. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅದರ ಅಚ್ಚು ಕತ್ತರಿಸಿ ಬನಿಯನ್ನುಗಳ ಮೇಲೆ ಕರಿ ಬಣ್ಣ ಒತ್ತಿದ. ಕೊಂಬು, ಹಣೆ, ಮೂಗುದಾರ. ಅಷ್ಟೇ.

ತಂಡ ಸವದತ್ತಿಯಲ್ಲಿ ಗೆದ್ದು ಬಂದ ವರ್ಷ ಹೋರಿಗೆ ಮೈ ಬಂತು, ಹೆಗಲ ಮೇಲೆ ಡುಬ್ಬ ಬಂತು, ಕಾಲ ಕೆಳಗೆ ಕೆಂಪು ಧೂಳು ಎದ್ದಿತು. ಆಮೇಲೆ ಫ್ಲೆಕ್ಸ್ ಕಾಲ. ಕಂಪ್ಯೂಟರಿನ ಹುಡುಗರು ಡುಬ್ಬವನ್ನೇ ತೆಗೆದು, ಮೂಗಿನಿಂದ ಹೊಗೆ ಬಿಡಿಸಿ, ಕೆಂಡದ ಕಣ್ಣು ಇಟ್ಟರು. ಅದನ್ನು ನೋಡಿದ ನಿಜಗುಣಪ್ಪ, "ಇದನ್ನ ಸಂತಿಗೆ ಹೊಡಕೊಂಡ ಹ್ವಾದ್ರ ಕಟುಕನೂ ಕೈ ಹಚ್ಚಂಗಿಲ್ಲ ಬಿಡು," ಎಂದು ನಕ್ಕಿದ್ದ. ಬುರಾನಸಾಬ ನಗಲಿಲ್ಲ. ಹತ್ತು ವರ್ಷ ಆ ಕಾಲೇಜಿನ ದಾರಿಯನ್ನೇ ತುಳಿಯಲಿಲ್ಲ.

ಈ ವರ್ಷ ಹುಡುಗಿಯರ ತಂಡ ಫೈನಲ್ ಮುಟ್ಟಿತು. ನಾಯಕಿ ಬುರಾನಸಾಬನ ಮೊಮ್ಮಗಳು ಅಲ್ಮಾಸ. ಆಟದ ಮಾಸ್ತರ ಸುಭಾಸ ಮನೆಗೇ ಬಂದ.

"ಸಾಬ್ರ, ಆ ಹೊಗಿ ಉಗುಳೂ ಹೋರಿ ಸಾಕಾತ್ರಿ. ನಿಮ್ಮ ಹಳೇದನ್ನ ಕಾಲೇಜಿನ ಗ್ವಾಡಿ ಮ್ಯಾಲ ಬರೀರಿ. ಫೋಟೋ ಹೊಡದು ಅಂಗಿ ಮ್ಯಾಲ ಅಚ್ಚ ಹಾಕಸತೇನಿ."

ಮಾದರಿಯ ಹೋರಿ ಸತ್ತು ಎಷ್ಟೋ ಕಾಲವಾಗಿತ್ತು. ಎಕ್ಸ್‌ರೇ ಅಚ್ಚು ಮುರಿದಿತ್ತು. ಬಲಗಣ್ಣಿಗೆ ಪೊರೆ ಬಂದಿತ್ತು. ಆದರೂ ನೆನಪಿನಿಂದಲೇ ಎರಡು ದಿನದಲ್ಲಿ ಹೋರಿಯನ್ನು ಎಬ್ಬಿಸಿ ನಿಲ್ಲಿಸಿದ. ಅವನಿಗೊಂದು ಹಳೆಯ ರೂಢಿ ಇತ್ತು. ಕೆಲಸ ಮುಗಿದಾಗ ಕುಂಚದ ತುದಿಯಲ್ಲಿ ಉಳಿದ ಬಣ್ಣವನ್ನು ಒರೆಸಿ ಹಾಳು ಮಾಡುತ್ತಿರಲಿಲ್ಲ. ಚಿತ್ರದಲ್ಲೇ ಎಲ್ಲಾದರೂ ಒಂದು ಸಣ್ಣ ತಿರುವು ಕೊಟ್ಟು ಕೈ ತೆಗೆಯುತ್ತಿದ್ದ. ಲಾರಿಯ ಹಲಗೆಯಲ್ಲಾದರೆ ಬಳ್ಳಿಯ ತುದಿಗೆ, ಅಂಗಡಿ ಬೋರ್ಡಿನಲ್ಲಾದರೆ ಅಕ್ಷರದ ಬಾಲಕ್ಕೆ. ಈ ಸಲ ಆ ತಿರುವು ಹೋರಿಯ ಎಡಗಣ್ಣಿನ ಕೆಳಗೆ ಬಿತ್ತು.

ಹನ್ನೆರಡು ಅಂಗಿ ಅಚ್ಚಾಗಿ ಬಂದ ಮರುದಿನ ನಿಜಗುಣಪ್ಪ ಕೋಲೂರಿಕೊಂಡು ಗೋಡೆಯ ಮುಂದೆ ಬಂದು ನಿಂತ. ಹೋರಿಯ ಮುಖದ ಹತ್ತಿರಕ್ಕೆ ಬಗ್ಗಿದ.

"ಯಾಕಣ್ಣಾ, ಡುಬ್ಬ ಸಣ್ಣದಾತೇನು?" ಎಂದ ಬುರಾನಸಾಬ.

"ಡುಬ್ಬ ಛಲೋ ಐತಿ. ಕಣ್ಣಿನ ಕೆಳಗ ನೋಡು. ಕಣ್ಣೀರ ಸುಳಿ ಇಟ್ಟೀಯಲ್ಲೋ ಮಾರಾಯಾ!"

ಈ ಸೀಮೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಎಣಿಸುವ ಮೊದಲು ಮೈಮೇಲಿನ ಕೂದಲ ಸುಳಿ ನೋಡುತ್ತಾನೆ. ಹಣೆಯ ನಡುವೆ ಇದ್ದರೆ ಮನೆಗೆ ಏಳಿಗೆ. ಕಣ್ಣಿನ ಕೆಳಗೆ ಇದ್ದರೆ ಆ ಮನೆಯ ಹೆಣ್ಣುಮಕ್ಕಳ ಕಣ್ಣೀರು ಇಂಗುವುದಿಲ್ಲ ಎಂದು ನಂಬಿಕೆ.

"ಇದು ಗ್ವಾಡಿ ಮ್ಯಾಲಿನ ಹೋರಿ ಅಣ್ಣಾ."

"ಖರೇ. ಗ್ವಾಡಿ ಮ್ಯಾಲಿಂದು ಯಾರ ಮನೀನೂ ಹೊಗಂಗಿಲ್ಲ ಬಿಡು," ಎಂದು ನಿಜಗುಣಪ್ಪ ಹೊರಟುಹೋದ.

ಬುರಾನಸಾಬ ಮಾತ್ರ ಅಲ್ಲೇ ಕಂಬದಂತೆ ನಿಂತ. ಗೋಡೆಯ ಮೇಲಿನದು ಹೊಗಲಿಕ್ಕಿಲ್ಲ. ಅಂಗಿಯ ಮೇಲಿನದು ಹನ್ನೆರಡು ಮನೆ ಹೊಗುತ್ತದಲ್ಲ!

ಅಂದು ಸಂಜೆಯೇ ಅಭ್ಯಾಸದಲ್ಲಿ ತಂಡದ ಹುಡುಗಿ, ಸಂಗೊಳ್ಳಿಯ ಗಂಗಾ ಕಾಲು ಹೊರಳಿಸಿಕೊಂಡಳು. ಕಾಲಗಿಣ್ಣು ಬದನೆಕಾಯಿಯಂತೆ ಊದಿತು. ಸುದ್ದಿ ಬುರಾನಸಾಬನಿಗೂ ಮುಟ್ಟಿತು. ಮೊದಲೇ ಹೆದರಿದವನ ಮೇಲೆ ಹಾವು ಒಗೆದಂತಾಯಿತು. ಇವತ್ತು ಗಂಗಾನ ಕಾಲು, ನಾಡಿದ್ದು ಫೈನಲ್ ನಡೆಯುವ ರಾಮದುರ್ಗದ ಮೈದಾನದಲ್ಲಿ ಯಾರ ಕೊರಳು? ಹೇಳಿದರೆ ಹುಡುಗಿಯರ ಧೈರ್ಯ ಒಡೆಯುತ್ತದೆ. ಹೇಳದೆ ಇದ್ದು ಏನಾದರೂ ಆದರೆ ಆ ಪಾಪ ತನ್ನ ಕುಂಚದ್ದು. ಬಾಯಲ್ಲಿ ಬಿಸಿ ತುಪ್ಪ, ನುಂಗಲಾರ, ಉಗುಳಲಾರ.

ಮರುದಿನ ಅಂಗಿಗಳ ಗಂಟು ಅವನ ಮನೆಗೇ ಬಂತು. ಬೆನ್ನಿಗೆ ನಂಬರಿನ ಬಟ್ಟೆ ಹೊಲಿಯುವ ಕೆಲಸವನ್ನು ಹೆಂಡತಿ ಕಾಶಿಂಬಿ ಒಪ್ಪಿಕೊಂಡಿದ್ದಳು. ಮಶೀನು ಟರ್ರೆನ್ನುತ್ತಿತ್ತು. ಹನ್ನೆರಡು ಹೋರಿಗಳು ಚಾಪೆಯ ಮೇಲಿಂದ ಅವನನ್ನೇ ನೋಡುತ್ತಿದ್ದವು. ತಡೆಯಲಾರದೆ ಅವಳಿಗೆ ಎಲ್ಲ ಹೇಳಿದ.

"ನಮಗ್ಯಾಕರಿ ಇವೆಲ್ಲಾ? ನಾವೇನು ಒಕ್ಕಲತನ ಮಾಡತೀವೇನು?" ಎಂದಳು ಕಾಶಿಂಬಿ.

"ಬರೋ ಕೇಡು ಮನಿತನ ಕೇಳಿ ಬರತೈತೇನ?"

ಬಟ್ಟೆಗೆ ಬಳಿಯುವ ಕರಿ ಬಣ್ಣದ ಸೀಸೆ ತೆಗೆದ. ಅಲ್ಮಾಸಳ ಅಂಗಿಯನ್ನು ಮೊಣಕಾಲ ಮೇಲೆ ಹಾಸಿಕೊಂಡು, ಸುಳಿಯ ಮೇಲೆ ಕೂಸಿನ ಕೆನ್ನೆಗೆ ಇಡುವಂಥ ಒಂದು ದೃಷ್ಟಿ ಬೊಟ್ಟು ಇಟ್ಟು ಮುಚ್ಚಿದ. ಸೀಸೆಯ ಮುಚ್ಚಳ ತಿರುಗಿಸುವಾಗ ಮಶೀನು ನಿಂತಿತು.

"ನಮ್ಮದೊಂದಕ್ಕನಾ?" ಎಂದಳು ಕಾಶಿಂಬಿ.

ಬುರಾನಸಾಬ ಚಾಪೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಮುಚ್ಚಳ ತೆಗೆದು ಉಳಿದ ಹನ್ನೊಂದಕ್ಕೂ ಬೊಟ್ಟು ಇಟ್ಟ. ಅಷ್ಟರಲ್ಲಿ ಅಲ್ಮಾಸ ಒಳಗೆ ಬಂದಳು.

"ಏನ ಮಾಡಾಕತ್ತಿ ದಾದಾ?"

"ದೃಷ್ಟಿ ಬೊಟ್ಟ ಇಟ್ಟೇನಿ ಬೇಟಾ."

"ಹೋರಿಗೆ? ಮುಂದ ತೊಟ್ಟಿಲಾನೂ ಕಟ್ಟತೀಯೇನು?" ಎಂದು ನಕ್ಕು ಗಂಟು ಹೊತ್ತುಕೊಂಡು ಹೋದಳು. ಅವಳು ಹೋದ ಮೇಲೆ ಅವನಿಗೆ ನೆನಪಾಯಿತು: ಆ ಬಣ್ಣದ ಮೇಲೆ ಇಸ್ತ್ರಿ ಎಳೆಯದಿದ್ದರೆ ಅದು ನಿಲ್ಲುವುದಿಲ್ಲ. ಹಿಂದೆ ಓಡಿದರೆ ಯಾಕೆ ಎಂದು ಕೇಳುತ್ತಾಳೆ. ಕುಳಿತುಬಿಟ್ಟ.

ರಾಮದುರ್ಗದಲ್ಲಿ ಬಿಸಿಲು ನೆಲ ಹುರಿಯುತ್ತಿತ್ತು. ಎಲ್ಲರೂ ಪಾಯಿಂಟು ನೋಡುತ್ತಿದ್ದರು. ಬುರಾನಸಾಬ ಅಲ್ಮಾಸಳ ಮೊಣಕಾಲು, ಮೊಣಕೈ, ಕೊರಳು ನೋಡುತ್ತಿದ್ದ. ಎರಡು ಪಾಯಿಂಟು ಹಿಂದೆ ಇದ್ದಾಗ ಅವಳು ಕೊನೆಯ ರೇಡಿಗೆ ಹೋದಳು. ಒಬ್ಬಳು ಕಾಲು ಹಿಡಿದಳು, ನಾಲ್ವರು ಮೇಲೆ ಬಿದ್ದರು. ಅವನು ಒಮ್ಮೆ ಬರೆದಿದ್ದಂಥ ಧೂಳೇ ಎದ್ದಿತು. ಐವರೂ ಎದ್ದರು. ಅಲ್ಮಾಸ ಏಳಲಿಲ್ಲ.

"ಯಾ ಅಲ್ಲಾ," ಎಂದು ಬುರಾನಸಾಬ ಎದ್ದ. ಕಣ್ಣ ಮುಂದೆ ಬರೀ ಆ ತಿರುವು, ಕುಂಚದ ತುದಿಯ ಆ ಒಂದು ತಿರುವು.

ಸುಭಾಸ ನೀರು ಚಿಮುಕಿಸಿದ. ಅವಳು ಎದ್ದು ಕುಳಿತಳು. ಮೊಣಕೈ ತರಚಿತ್ತು, ಅಷ್ಟೇ. ಆದರೆ ಆಟ ಸೋತಿತ್ತು. ಹುಡುಗಿಯರು ಒಬ್ಬರ ಕೊರಳಿಗೆ ಒಬ್ಬರು ಬಿದ್ದು ಅಳುವುದನ್ನು ನೋಡಿ ಬುರಾನಸಾಬ, 'ಕಣ್ಣೀರು ಇಷ್ಟಕ್ಕೇ ಮುಗೀಲಿ' ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಕಾಲಿಗೆ ಪಟ್ಟಿ ಕಟ್ಟಿಕೊಂಡು ಆಟ ನೋಡಲು ಬಂದಿದ್ದ ಗಂಗಾ ಕುಂಟುತ್ತ ಅವನ ಹತ್ತಿರ ಬಂದಳು. ಬೆವರಿಗೆ ಬೊಟ್ಟು ಕರಗಿ ಎಲ್ಲರ ಎದೆಯ ಮೇಲೂ ಹೋರಿಯ ಕಣ್ಣಿನಿಂದ ಕರಿ ಗೆರೆ ಇಳಿದಿತ್ತು.

"ಬೊಟ್ಟ ಕರಗೇತಿ ನೋಡು ಮುತ್ಯಾ. ಸುಳಿ ಮತ್ತ ಕಾಣಾಕತ್ತೈತಿ," ಎಂದಳು ಮೆಲ್ಲಗೆ.

ಬುರಾನಸಾಬ ಸರಕ್ಕನೆ ಅವಳ ಕಡೆ ತಿರುಗಿದ. "ನಿನಗ ಗೊತ್ತಿತ್ತೇನವಾ?"

"ಅಂಗಿ ಗಂಟ ಬಿಚ್ಚಿದ ದಿನಾನ ಗೊತ್ತಾತು. ಹನ್ನೊಂದು ಮಂದಿ ಒಕ್ಕಲತನದ ಮನ್ಯಾಗ ಹುಟ್ಟಿದವ್ರು, ಸುಳಿ ನೋಡಾಕ ಬರಂಗಿಲ್ಲೇನು? ಅಲ್ಮಾಸ ಒಬ್ಬಾಕಿಗೇ ಗೊತ್ತಿಲ್ಲ. ಹೇಳಿದ್ರ ಆಕಿ ಅಂಜತಾಳ, ನಿನಗ ಬ್ಯಾಸರಾಗತೈತಿ ಅಂತ ಬಾಯಿ ಮುಚಗೊಂಡ ಇದ್ದಿವಿ. ನೀ ಬೊಟ್ಟ ಇಟ್ಟಿದ್ದ ನೋಡಿ ಒಂದೀಟ ಉಸರ ಬಿಟ್ಟಿವಿ."

ಹಾಗಾದರೆ ಅಷ್ಟು ದಿನ ಅಂಜಿದವನು ತಾನೊಬ್ಬನೇ ಅಲ್ಲ. ಒಬ್ಬರ ಅಂಜಿಕೆಯನ್ನು ಒಬ್ಬರಿಗೆ ಮುಚ್ಚಿಟ್ಟು, ಆ ಸುಳಿಯನ್ನು ಎದೆಯ ಮೇಲೆ ಹೊತ್ತೇ ಹುಡುಗಿಯರು ಆಡಿದ್ದರು.

ಮರುದಿನ ಮುಂಜಾನೆ ಅಲ್ಮಾಸಳಿಗೆ ಎಲ್ಲ ಹೇಳಿ, ಅವಳನ್ನೂ ಗಂಗಾಳನ್ನೂ ಕರೆದುಕೊಂಡು ಗೋಡೆಯ ಮುಂದೆ ನಿಂತ. ಕಣ್ಣಿನ ಕೆಳಗಿನ ಬಣ್ಣವನ್ನು ಸುಣ್ಣ ಕಾಣುವವರೆಗೆ ಕೆರೆದ. ಗಂಗಾ ಕಟ್ಟೆಯ ಮೇಲೆ ಕುಳಿತು, "ಹಣಿ ನಡುವ ಮುತ್ಯಾ. ಅಲ್ಲಲ್ಲ, ಇನ್ನೀಟ ಮ್ಯಾಲ," ಎಂದು ಹೇಳಿಕೊಟ್ಟಳು. ಬುರಾನಸಾಬನ ಪೊರೆಗಣ್ಣಿಗೆ ಜಾಗ ಸರಿಯಾಗಿ ಕಾಣಲಿಲ್ಲ. ಅಲ್ಮಾಸ ಮಣಿಕಟ್ಟು ಹಿಡಿದಳು. ಹಣೆಯ ಮೇಲೆ ಸುಳಿ ಕುಳಿತಿತು.

ಕುಂಚದ ತುದಿಯಲ್ಲಿ ಒಂದಿಷ್ಟು ಬಣ್ಣ ಉಳಿದಿತ್ತು. ಕೈ ಹಳೆಯ ರೂಢಿಯಂತೆ ಹೋರಿಯ ಹೆಗಲ ಕಡೆಗೆ ಹೋಯಿತು. ಅರ್ಧಕ್ಕೆ ನಿಂತಿತು. ಬುರಾನಸಾಬ ಕುಂಚವನ್ನು ತನ್ನ ಪಾಯಿಜಾಮಕ್ಕೆ ಒರೆಸಿಕೊಂಡ.