ಹೊಟ್ಟೆ ಸೀಳಿದ ಕೀಲಿ

ಕಮತಗಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ಅಮಾತೆಪ್ಪನಿಗೆ ಐವತ್ತೆರಡು ವರ್ಷ. ಎದುರಿಗೆ ಬಂದದ್ದನ್ನು ಸುತ್ತಿಗೆಯಿಂದ ಬಡಿದು ಸರಿಮಾಡುವುದು ಅವನ ವಿದ್ಯೆ. ಬಡಿದರೂ ಸರಿಹೋಗದಿದ್ದರೆ ಮಾಡಿದ ಕಂಪನಿಯವರ ಏಳು ತಲೆಮಾರನ್ನು ಬೈಯುವುದು ಅವನ ಶಾಸ್ತ್ರ. ಆದರೆ ಸ್ವಂತ ಊರಿನಲ್ಲಿ ಅವನಿಗೆ ಮರ್ಯಾದೆ ಇದ್ದದ್ದು ಪಂಪ್‌ಸೆಟ್ಟಿನಿಂದಲ್ಲ, ಒಂದು ಕೀಲಿಕೈಯಿಂದ.

ಆ ಊರು ಕಮತಗಿಯಿಂದ ಎರಡು ಹರದಾರಿ. ಅಲ್ಲಿಯ ಮೊಹರಂ ಪಂಜಾಗಳು, ಎಂದರೆ ಹಬ್ಬದಲ್ಲಿ ಹೊರುವ ಲೋಹದ ಹಸ್ತಗಳು, ವರ್ಷವಿಡೀ ಮಸೂತಿಯ ಒಂದು ಪೆಟ್ಟಿಗೆಯಲ್ಲಿರುತ್ತವೆ. ಪೆಟ್ಟಿಗೆಗೆ ಎರಡು ಕೀಲಿ, ಅಂದರೆ ಬೀಗ. ಒಂದರ ಕೀಲಿಕೈ ಮಸೂತಿ ನೋಡಿಕೊಳ್ಳುವ ಮುಜಾವರ ಖಾಸಿಂಸಾಬನ ಮನೆಯಲ್ಲಿ, ಇನ್ನೊಂದರದು ಲಿಂಗಾಯತರ ಅಮಾತೆಪ್ಪನ ಮನೆಯಲ್ಲಿ. ಮುತ್ತಜ್ಜನ ಕಾಲದಿಂದ ಹೀಗೇ ನಡೆದಿದೆ. ಚಂದ್ರ ಕಂಡ ಸಂಜೆ ಮುಜಾವರ ಬಂದು ಇವನ ಬಾಗಿಲಲ್ಲಿ ನಿಂತು ಕರೆಯಬೇಕು. ಇವನು ಕೀಲಿಕೈ ಹಿಡಿದು ಹೋಗಬೇಕು. ಇಬ್ಬರೂ ಪೆಟ್ಟಿಗೆಗೆ ಹಸಿರು ಚಾದರ ಹೊದಿಸಿ, ಅದರೊಳಗೆ ಕೈ ತೂರಿಸಿ, ಯಾರ ಕಣ್ಣಿಗೂ ಬೀಳದಂತೆ ಕೀಲಿ ತೆಗೆಯಬೇಕು. ಕೀಲಿ ಒಡೆದರೆ ಊರಿಗೇ ಕೇಡು ಎಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಉಳಿದ ದಿನಗಳಲ್ಲಿ ಅಮಾತೆಪ್ಪ ಈ ಹಕ್ಕನ್ನು ಚಹಾದ ಅಂಗಡಿಯಲ್ಲಿ ದಿನಕ್ಕೊಮ್ಮೆಯಾದರೂ ನೆನಪಿಸದೆ ಇರುತ್ತಿರಲಿಲ್ಲ.

ಅಂಥ ಕೀಲಿಕೈಯನ್ನು ಅವನು ಕಳೆದ. ಜಗಲಿಯ ಮೇಲೆ ದೇವರ ಪಕ್ಕ ಸುಮ್ಮನೆ ತೂಗಿಕೊಂಡಿದ್ದುದನ್ನು, ಹೆಂಡತಿ ಶಿವಗಂಗಾ ಕಸದ ಜೊತೆ ಗುಡಿಸಿ ಒಗೆದಾಳು ಎಂದು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಆಮೇಲೆ ಬೀಗರ ಜೊತೆ ಬಾದಾಮಿಗೆ ಹೋಗಿ, ಬನಶಂಕರಿಯ ಹೊಂಡದಲ್ಲಿ ಎಮ್ಮೆಯ ಹಾಗೆ ಮುಳುಗು ಹಾಕಿದ. ಮೇಲೆ ಬಂದಾಗ ಉಡಿದಾರವೂ ಇರಲಿಲ್ಲ, ಕೀಲಿಕೈಯೂ ಇರಲಿಲ್ಲ.

ಮೊಹರಮ್ಮಿಗೆ ಇನ್ನು ಮೂರು ತಿಂಗಳು. ಸುದ್ದಿ ಹೊರಬಿದ್ದರೆ ಕೀಲಿಕೈಯ ಹಕ್ಕು ಎದುರುಮನೆಯ ಮಾಳಿಂಗರಾಯನಿಗೆ ಹೋಗುತ್ತದೆ. ಅದಕ್ಕಾಗಿ ಅವನು ಇಪ್ಪತ್ತು ವರ್ಷದಿಂದ ಜೊಲ್ಲು ಸುರಿಸುತ್ತಿದ್ದಾನೆ. ನಾಲ್ಕು ತಲೆಮಾರು ಕಾದದ್ದನ್ನು ನಾನು ಕಳೆದೆ ಎಂಬ ಮಾತು ಅಮಾತೆಪ್ಪನ ಎದೆಯಲ್ಲಿ ಮುಳ್ಳಾಗಿ ಕೂತಿತು. ಬೇರೆ ಕೀಲಿಕೈ ಮಾಡಿಸೋಣವೆಂದರೆ ಮಾಡುವವನನ್ನು ಮಸೂತಿಗೇ ಕರೆತರಬೇಕು. ಅದಕ್ಕಿಂತ ಊರಲ್ಲಿ ಡಂಗುರ ಹೊಡೆಸುವುದು ಮೇಲು.

ಕೊನೆಗೆ ಫೋನು ದಾರಿ ತೋರಿಸಿತು. ಕೀಲಿಕೈ ಇಲ್ಲದೆ ಕೀಲಿ ತೆಗೆಯುವುದನ್ನೇ ಹವ್ಯಾಸ ಮಾಡಿಕೊಂಡ ಜನ ಜಗತ್ತಿನಲ್ಲಿದ್ದಾರೆಂದು ಅವನಿಗೆ ಆಗಲೇ ತಿಳಿದದ್ದು. ಕಳ್ಳರಲ್ಲ, ಹೆಂಡಿರು ಮಕ್ಕಳಿರುವ ಮರ್ಯಾದಸ್ಥರು. ಅವರು ಕೀಲಿಯ ಪಕ್ಕೆ ಕೊರೆದು ಕಿಟಕಿ ಮಾಡಿ, ಒಳಗಿನ ಆಟ ನೋಡುತ್ತ ಕೈ ಪಳಗಿಸಿಕೊಳ್ಳುತ್ತಾರೆ. ಅಮಾತೆಪ್ಪ ಇಳಕಲ್ಲಿಗೆ ಹೋಗಿ ಪೆಟ್ಟಿಗೆಗಿದ್ದಂಥದೇ ಹಿತ್ತಾಳೆಯ ಮೂರು ಕೀಲಿ ತಂದ. ಅಂಗಡಿಯವನು, ಮನೆಯಲ್ಲಿ ಅಂಥದ್ದೇನು ಗಂಟು ಇಟ್ಟಿದ್ದೀರಿ ಎಂದು ಕೇಳಿಯೇ ಕೊಟ್ಟ.

ಮೊದಲನೆಯದನ್ನು ವೈಸಿನಲ್ಲಿ ಕಚ್ಚಿಸಿ ಗರಗಸದಿಂದ ನಡುವೆಯೇ ಕೊಯ್ದ. ಒಳಗಿನ ಸ್ಪ್ರಿಂಗುಗಳು ಹಾರಿ ದಿಕ್ಕಾಪಾಲಾದವು. ಅವುಗಳಲ್ಲೊಂದು ಎರಡು ದಿನದ ಮೇಲೆ ಜೋಳದ ರೊಟ್ಟಿಯಲ್ಲಿ ಸಿಕ್ಕು ಅವನದೇ ಹಲ್ಲು ಕೆಡಿಸಿತು. ಎರಡನೆಯದಕ್ಕೆ ಅರ ಹಾಕಿ ಉಜ್ಜಿದ. ಬಗಲಲ್ಲಿ ಕಿಟಕಿಯೇನೋ ಬಂತು, ಆದರೆ ಅದು ಒಳಗಿನ ಪುಟ್ಟ ಪಿನ್ನುಗಳಿಗಿಂತ ಅಗಲವಾಗಿತ್ತು. ಪಿನ್ನುಗಳೆಲ್ಲ ಒಂದೊಂದಾಗಿ ಕಿಟಕಿಯಿಂದ ಜಾರಿ ನೆಲ ಸೇರಿದವು. ಈ ನಡುವೆ ಅರ ತಪ್ಪಿ ಹೆಬ್ಬೆರಳಿನ ಅರ್ಧ ಉಗುರೂ ಹೋಯಿತು. ಮೂರನೆಯದಕ್ಕೆ ಅವನು ಹುಟ್ಟಿದಾಗಿನಿಂದ ಮಾಡದಿದ್ದ ಕೆಲಸ ಮಾಡಿದ, ಸಮಾಧಾನದಿಂದ ಕೂತ. ಪಿನ್ನಿಗಿಂತ ಸಣ್ಣ ಸೀಳು ಬಿಡಿಸಲು ನಾಲ್ಕು ದಿನ ಹಿಡಿಯಿತು. ಈಗ ಐದು ಪಿನ್ನುಗಳು ಸ್ಪ್ರಿಂಗಿನಡಿ ಸಾಲಾಗಿ ಕಂಡವು, ಒಂದೊಂದೂ ನಡುವೆ ಎರಡು ತುಂಡು. ಐದರ ನಡುವಿನ ಸಂದೂ ಒಂದೇ ಗೆರೆಗೆ ಬಂದರೆ ಒಳಗಿನ ಉರುಳೆ ತಿರುಗಿ ಕೀಲಿ ತೆರೆಯುತ್ತದೆ, ಅಷ್ಟೇ. ಇಷ್ಟು ಸಣ್ಣ ಸಂಗತಿಗೆ ಜನ ಇಷ್ಟು ನಂಬಿಕೆ ಇಟ್ಟು ಮಲಗುತ್ತಾರಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು.

ಛತ್ರಿಯ ಕಡ್ಡಿ ಚಪ್ಪಟೆ ಮಾಡಿ ಉರುಳೆಯನ್ನು ತಿರುವಿ ಹಿಡಿಯಲು ಇಟ್ಟುಕೊಂಡ. ಸೈಕಲ್ ಕಡ್ಡಿಯ ತುದಿ ಮಣಿಸಿ ಪಿನ್ನು ಎತ್ತಲು ಇಟ್ಟುಕೊಂಡ. ಆದರೆ ಅವನದು ಪಂಪ್‌ಸೆಟ್ ಬಡಿದ ಕೈ, ತಿರುವಿದರೆ ಕಡ್ಡಿಯೇ ಮುರಿಯುತ್ತಿತ್ತು. ಹದಿನೈದು ದಿನ ಈ ಹೋರಾಟ ನೋಡಿದ ಶಿವಗಂಗಾ ಒಂದು ಸಂಜೆ ಚಹಾಕ್ಕಿಟ್ಟು ಬಂದು ಕೀಲಿ ಕಸಿದುಕೊಂಡಳು. ಅವಳ ತವರು ಇಳಕಲ್ಲು. ಸೀರೆಯ ಮೈಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತ ಬೆಳೆದ ಬೆರಳು. ಚಹಾ ಉಕ್ಕುವುದರೊಳಗೆ ಕೀಲಿ ತೆರೆಯಿತು.

"ಹಿಡದ್ರ ಸಾಕ್ರಿ, ಹಿಸುಕಬ್ಯಾಡ್ರಿ" ಎಂದಳು.

ಅಮಾತೆಪ್ಪನಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಬುದ್ಧಿ ಬಂತು. ಮುಂದಿನ ಎರಡು ತಿಂಗಳು ಮೊದಲು ಕಿಟಕಿ ನೋಡುತ್ತ, ಆಮೇಲೆ ಕೀಲಿಗೆ ಟವೆಲ್ ಹೊದಿಸಿ, ಬರೀ ಬೆರಳಿನ ಸ್ಪರ್ಶದಿಂದ ತೆಗೆದ. ಚಾದರದೊಳಗೆ ಕಣ್ಣು ಇರುವುದಿಲ್ಲವಲ್ಲ. ಹಬ್ಬ ಹತ್ತಿರ ಬರುವ ಹೊತ್ತಿಗೆ ನೂರು ಎಣಿಸುವುದರೊಳಗೆ ಕೀಲಿ ಬಾಯಿ ಬಿಡುತ್ತಿತ್ತು.

ಚಂದ್ರ ಕಂಡ. ಎಪ್ಪತ್ತರ ಖಾಸಿಂಸಾಬ ಬಂದು ಬಾಗಿಲಲ್ಲಿ ನಿಂತು ಕರೆದ. ಮಸೂತಿಯ ತುಂಬ ಜನ, ಎಲ್ಲರಿಗಿಂತ ಮುಂದೆ ಮಾಳಿಂಗರಾಯ. ಕಡ್ಡಿಗಳನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು ಅಮಾತೆಪ್ಪ ಚಾದರದೊಳಗೆ ಕೈ ಹಾಕಿದ. ಅಂಗೈ ಬೆವರಿ ಕಡ್ಡಿ ಜಾರಿತು. ತಡಕಾಡಿ ಮತ್ತೆ ಹಿಡಿದು ಒಳಗೆ ತೂರಿಸಿದ. ಮೊದಲ ಪಿನ್ನು ಮುಟ್ಟಿದ್ದಷ್ಟೇ, ಕೀಲಿ ಟಕ್ಕನೆ ಬಿಟ್ಟುಕೊಂಡಿತು. ಅವನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ತಡೆದದ್ದೇ ಪುಣ್ಯ. ಪಂಜಾಗಳು ಹೊರಗೆ ಬಂದವು, ಹಲಗೆಗಳು ಮೊಳಗಿದವು, ಮಾಳಿಂಗರಾಯನ ಮುಖ ಹುಳಿ ತಿಂದಂತಾಯಿತು.

ಗದ್ದಲ ಇಳಿದ ಮೇಲೆ ಖಾಸಿಂಸಾಬ ಶರಬತ್ತಿನ ಲೋಟ ಕೊಟ್ಟು, ಕಟ್ಟೆಯ ಮೇಲೆ ಇವನ ಪಕ್ಕ ಕೂತ. ತನ್ನ ಕಿರುಬೆರಳು ಚಾಚಿದ, ತುದಿಯಲ್ಲಿ ಒಂದು ಹನಿ ರಕ್ತ.

"ಕೀಲಿಕೈ ಹಿಂಗ ಚುಚ್ಚೂದಿಲ್ಲ ತಮ್ಮಾ. ಕಳದೀ ಹೌದಿಲ್ಲೋ?"

ಅಮಾತೆಪ್ಪ ಶರಬತ್ತನ್ನು ಒಂದೇ ಗುಟುಕಿಗೆ ಮುಗಿಸಿ, ಹೌದೆಂದು ತಲೆಯಾಡಿಸಿದ. ಮುದುಕ ನಿಧಾನವಾಗಿ ಹೇಳಿದ್ದು ಇಷ್ಟು: ಅಮಾತೆಪ್ಪನ ಪಾಲಿನ ಕೀಲಿ ಅವನ ಅಪ್ಪನ ಕಾಲದಲ್ಲೇ ಸವೆದು ಕೆಟ್ಟಿದೆ, ಜಗ್ಗಿದರೆ ಸಾಕು, ಬರುತ್ತದೆ. ಪ್ರತಿ ವರ್ಷ ಹಬ್ಬಕ್ಕೆ ಎರಡು ದಿನ ಮೊದಲೇ ಮುಜಾವರರ ಮನೆಯವರು ಪೆಟ್ಟಿಗೆ ತೆಗೆದು, ಪಂಜಾಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಮತ್ತೆ ಒಳಗಿಟ್ಟು ಕೀಲಿ ಒತ್ತುತ್ತಾರೆ.

ಅಮಾತೆಪ್ಪನಿಗೆ ಮೂರು ತಿಂಗಳು, ಒಂದು ಹಲ್ಲು, ಅರ್ಧ ಉಗುರು ಎಲ್ಲ ಒಟ್ಟಿಗೇ ನೆನಪಾಗಿ ಮೈ ಉರಿಯಿತು.

"ಹಂಗಾದ್ರ ವರ್ಷಾ ವರ್ಷಾ ನಮ್ಮ ಬಾಗಲಿಗೆ ಯಾಕ ಬರ್ತಿದ್ರಿ ಕಾಕಾ?"

"ನೀ ಬರಲಿ ಅಂತ" ಎಂದ ಖಾಸಿಂಸಾಬ. "ಕೀಲಿಕೈ ತಗೊಂಡು ಬಾ ಅಂದ್ರ ಬರ್ತಿ. ಸುಮ್ಮನ ಬಾ ಅಂದ್ರ, ಪಂಪ್‌ಸೆಟ್ ಕೆಲಸ ಐತಿ ಅಂತಿ."

ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಹೋದ ವರ್ಷ ಚಾದರ ಸರಿಸಿದ ಮೇಲೆ ಅವನು ಅಲ್ಲಿ ಅರ್ಧ ತಾಸೂ ನಿಂತಿರಲಿಲ್ಲ, ಅದರ ಹಿಂದಿನ ವರ್ಷವೂ ಇಲ್ಲ. ಅಮಾತೆಪ್ಪನಿಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಅದನ್ನು ಮಾಳಿಂಗರಾಯ ನೋಡಬಾರದೆಂದು ಲೋಟದಲ್ಲಿ ಮುಖ ಇಟ್ಟು ಇಲ್ಲದ ಶರಬತ್ತನ್ನೇ ಬಹಳ ಹೊತ್ತು ಕುಡಿದ.

ಮರುದಿನ ಬೆಳಿಗ್ಗೆ ಕಮತಗಿಯಿಂದ ಮೂರು ಸಲ ಫೋನು ಬಂತು, ಮೋಟರು ಸುಟ್ಟಿದೆ, ಅಂಗಡಿ ಯಾವಾಗ ತೆಗೆಯುತ್ತೀರಿ ಎಂದು. ಹಬ್ಬ ಮುಗಿದ ಮೇಲೆ ಬರ್ರಿ ಎಂದು ಹೇಳಿ, ಅಮಾತೆಪ್ಪ ಹಬ್ಬದ ಬೆಂಕಿ ಹಾಕುವ ಅಲಾಯಿ ಕುಣಿ ತೋಡಲು ಸಲಿಕೆ ಹೆಗಲಿಗೆ ಹಾಕಿಕೊಂಡು ಮಸೂತಿಯ ಕಡೆ ನಡೆದ. ಯಾರೂ ಕರೆಯಲು ಬಂದಿರಲಿಲ್ಲ.